ಎದುರಿನ ಅಂಚು

ವ್ಯಾಪಾರದಲ್ಲಿ ನನಗೆ ಇದುವರೆಗೆ ಯಾರೂ ಮೋಸ ಮಾಡಿಲ್ಲ. ಮಾಡಿದ್ದರೆ ನಾನೇ ಮಾಡಿಕೊಂಡಿದ್ದೇನೆ. ಗಾರೆ ಹೊರಲು ಗೋವೆಗೆ ಬಂದವನು ಫೋಂಡಾದಲ್ಲಿ ಹಳೆಯ ನಾಣ್ಯಗಳ ವ್ಯಾಪಾರ ಹಿಡಿದದ್ದು ಬರೀ ಕಣ್ಣಿನ ಬಲದಿಂದ. ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ: ಟಂಕಸಾಲೆಯಲ್ಲೇ ಊನವಾಗಿ ಹುಟ್ಟಿದ ನಾಣ್ಯಕ್ಕೆ ಬೆಲೆ ಹೆಚ್ಚು, ಆಮೇಲೆ ಯಾರೋ ಕತ್ತರಿಸಿ ಕೆಡಿಸಿದ್ದಕ್ಕೆ ಮೂರು ಕಾಸಿಲ್ಲ. ಒಂದು ಅಂಚು ತುಂಡಾಗಿದ್ದರೆ ಅದರ ಎದುರಿನ ಅಂಚನ್ನು ನೋಡಿ. ಹುಟ್ಟಿನಿಂದಲೇ ತುಂಡಾಗಿದ್ದರೆ ಅಚ್ಚಿನ ಒತ್ತಡ ಸರಿಯಾಗಿ ಕೂರದೆ ಎದುರಿನ ಅಂಚೂ ಮಸುಕಾಗಿರುತ್ತದೆ.

ಈ ವಿದ್ಯೆಯ ಬಲದಿಂದಲೇ ಗುಜರಿಯ ಇಬ್ರಾಹಿಂಸಾಬರಲ್ಲಿ ಒಂದು ತಾಮ್ರದ ಕಾಲಾಣೆ ನನ್ನ ಕಣ್ಣಿಗೆ ಬಿತ್ತು. ಒಂದು ಅಂಚು ನೇರವಾಗಿ ತುಂಡು, ಎದುರಿನದು ಮಸುಕು. ಮುಖ ಹುಳ್ಳಗೆ ಮಾಡಿಕೊಂಡು ಒಂದು ತಾಸು ಚೌಕಾಶಿ ಮಾಡಿದೆ. ಸಾಬರು ತಾಮ್ರದ ಹಂಡೆಯೊಂದನ್ನು ಬಿಟ್ಟು ಬೇರೇನಕ್ಕೂ ಒಪ್ಪಲಿಲ್ಲ. ಹೆಂಡತಿ ಶಾಂತವ್ವ ತಂಗಿಯ ಬಾಣಂತನಕ್ಕೆಂದು ಚಿಂಬಲ್‌ಗೆ ಹೋಗಿದ್ದಳು. ಅವಳ ತವರಿನವರು ಕೊಟ್ಟಿದ್ದ ಸ್ನಾನದ ಹಂಡೆಯನ್ನು ಮನೆಯಿಂದ ಹೊತ್ತು ತಂದು ಕೊಟ್ಟೆ. ಅವಳು ಬರುವುದರೊಳಗೆ ಕಾಲಾಣೆ ಮಾರಿ ಇನ್ನೂ ದೊಡ್ಡ ಹಂಡೆ ತಂದಿಡುವುದು ನನ್ನ ಯೋಚನೆ. ವ್ಯಾಪಾರ ಮುಗಿದ ಮೇಲೆ ಬಾಯಿ ಮುಚ್ಚಿಕೊಂಡು ಬರಬೇಕಿತ್ತು. ಆದರೆ ಸಲಹೆ ಕೊಡುವ ಚಟ. ಎದುರಿನ ಅಂಚಿನ ರಹಸ್ಯವನ್ನು ಸಾಬರಿಗೆ ಬಿಡಿಸಿ ಹೇಳಿದೆ.

ಶಾಂತವ್ವ ಎರಡು ದಿನ ಮುಂಚೆಯೇ ಬಂದಳು. ಹಂಡೆಯ ಮಾತು ಬರುವ ಮೊದಲೇ ಕಾಲಾಣೆಯನ್ನು ಕೈಗಿಟ್ಟೆ.

"ಅಯ್ಯ, ಇದು ನಮ್ಮವ್ವ ಕೊಟ್ಟ ತಾಮ್ರದ ಬಿಲ್ಲಿರೀ. ರೊಟ್ಟಿ ಹಂಚು ಕೆರಿಯೋದು. ಹೋದ ತಿಂಗಳ ಸೋರೋ ಬೋಗುಣಿ ಗುಜರಿಗೆ ಹಾಕಿದ್ರಲ್ಲ, ಅದರಾಗ ಇತ್ತು."

"ಈ ಅಂಚು ಹುಟ್ಟಾನs ತುಂಡು," ಎಂದೆ.

"ಹಂಚಿಗೆ ತಿಕ್ಕಿ ತಿಕ್ಕಿ ಸವದೈತಿ."

"ಮತ್ತ ಎದುರಿನ ಅಂಚು?"

"ಕೆರಿಯೋ ಮುಂದ ಹೆಬ್ಬಟ್ಟು ಎಲ್ಲಿ ಇಡಬೇಕ್ರಿ?" ಎಂದವಳು ಬಚ್ಚಲಿನ ಕಡೆ ನೋಡಿದಳು. "ಹಂಡೆ ಎಲ್ಲೈತಿ?"

ಕಾಲಾಣೆ ಹಿಡಿದು ಸಾಬರಲ್ಲಿಗೆ ಓಡಿದೆ. ಅವರು ಅದನ್ನು ಮುಟ್ಟಲೂ ಇಲ್ಲ.

"ಬ್ಯಾಡ್ರಿ. ಅಂಥಾ ಮಾಲು ಬರೇ ಒಂದು ಹಂಡೆಗೆ ಕೊಟ್ಟೆ ಅಂತ ನನಗ ಊಟ ಸೇರವಲ್ದು. ಆದ್ರ ಆಡಿದ ಮಾತು ಮುರಿಯೋದಿಲ್ಲ. ನೀವs ಇಟ್ಕೋರಿ."

ಈಗ ನನ್ನ ಸ್ನಾನ ಚಹಾದ ಪಾತ್ರೆಯಲ್ಲಿ ನಾಲ್ಕು ಸಲ ಕಾಯಿಸಿದ ನೀರಿನಲ್ಲಿ. ಹಂಚು ಮಾತ್ರ ಕನ್ನಡಿಯಂತಿದೆ. ಸಲಹೆ ಕೊಡುವುದನ್ನೇನೂ ನಾನು ಬಿಟ್ಟಿಲ್ಲ. ಯಾರಾದರೂ ತುಂಡು ನಾಣ್ಯ ತಂದರೆ ಎದುರಿನ ಅಂಚನ್ನು ನೋಡುತ್ತೇನೆ, ಅದರ ಮೇಲೆ ನನ್ನ ಹೆಬ್ಬೆಟ್ಟು ಇಡುತ್ತೇನೆ. ಸರಿಯಾಗಿ ಕೂತಿತೆಂದರೆ, ಮೊದಲು ಮನೆಯವರನ್ನು ಕೇಳಿ ಬನ್ನಿ ಎಂದು ಕಳಿಸುತ್ತೇನೆ.