ಹೂಮಳೆಗೆ ಸಿಕ್ಕ ಬಂಡವಾಳ

ತನ್ನದನ್ನು ತಾನೇ ಹೊಗಳಿ ಮಾರುವುದು ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ. ಹೆಣ್ಣು ನೋಡಲು ಹೋದ ಗಂಡುಗಳು ಸಂಬಳವನ್ನು ಸ್ವಲ್ಪ ಹಿಗ್ಗಿಸಿ, ವಯಸ್ಸನ್ನು ಸ್ವಲ್ಪ ಕುಗ್ಗಿಸಿ ಹೇಳುವುದು ಲೋಕರೂಢಿ. ನಾನು ಮಾತ್ರ ತಟ್ಟೆಯ ಉಪ್ಪಿಟ್ಟು ಮುಗಿಯುವಷ್ಟರಲ್ಲಿ ನನ್ನ ಗೊರಕೆ, ಅಸಿಡಿಟಿ, ಪರ್ಮನೆಂಟ್ ಆಗದ ನೌಕರಿ ಎಲ್ಲವನ್ನೂ ಭಾವೀ ಮಾವನವರ ಮುಂದೆ ಹರಡಿ ಕೂತಿದ್ದೆ. ಆದರೂ ಹೇಗೆ ಒಪ್ಪಿದಿರಿ ಎಂದು ಮದುವೆಯಾದ ಮೇಲೆ ಹೆಂಡತಿ ಪಾರ್ವತಿಯನ್ನು ಕೇಳಿದ್ದುಂಟು. "ಇವರಿಗೆ ಸುಳ್ಳು ಹೇಳುವಷ್ಟು ಬುದ್ಧಿ ಇಲ್ಲ, ಧೈರ್ಯವಾಗಿ ಕೊಡಬಹುದು ಅಂತ ಅಪ್ಪ ಹೇಳಿದ್ರು" ಎಂದಳು. ಇದನ್ನು ಹೊಗಳಿಕೆ ಎಂದುಕೊಂಡೇ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.

ಇಂಥ ನನ್ನ ತಲೆಗೆ ಬಂದ ಕೆಲಸವೆಂದರೆ ಕೊಡಗಿಗೆ ಬಂಡವಾಳ ಕರೆತರುವುದು. ನಾನು ಶನಿವಾರಸಂತೆ ಕಡೆಯವನು. ಹೊಟ್ಟೆಪಾಡಿಗೆ ವಿರಾಜಪೇಟೆಗೆ ಬಂದು ಬೆಳೆಗಾರರ ಮತ್ತು ವರ್ತಕರ ಸಂಘವೊಂದರಲ್ಲಿ ಸೆಕ್ರೆಟರಿಯಾಗಿದ್ದೇನೆ. ಹುದ್ದೆಯ ಹೆಸರು ದೊಡ್ಡದು. ಕುರ್ಚಿ ಜೋಡಿಸುವುದರಿಂದ ಹಿಡಿದು ವಂದನಾರ್ಪಣೆಯವರೆಗೆ ಎಲ್ಲವೂ ನಾನೇ. ನಮ್ಮ ಅಧ್ಯಕ್ಷೆ ದೇಚಮ್ಮ ಆಂಟಿ. ಕಂಚಿನ ಕಂಠ, ಕತ್ತರಿಸಿದ ಬಿಳಿಕೂದಲು, ಸ್ವತಃ ಓಡಿಸುವ ಜೀಪು. ಅವರಿಗೆ ಬಹಳ ಕಾಲದಿಂದ ಒಂದೇ ಸಂಕಟ. ನಮ್ಮ ಕಾಫಿ ಬೀಜ ಮೂಟೆಯಾಗಿ ಘಟ್ಟ ಇಳಿಯುತ್ತದೆ. ಎಲ್ಲೋ ಹುರಿದು, ಪುಡಿಯಾಗಿ, ಚಿಕೋರಿ ಬೆರೆಸಿಕೊಂಡು, ಬಣ್ಣದ ಪೊಟ್ಟಣದಲ್ಲಿ ಮತ್ತೆ ಘಟ್ಟ ಹತ್ತಿ ವಿರಾಜಪೇಟೆಯ ಅಂಗಡಿಗೇ ಬರುತ್ತದೆ. "ನಮ್ಮ ಮಗಳನ್ನು ಮದುವೆ ಮಾಡಿ ಕಳಿಸಿ, ಅವಳನ್ನೇ ಬಾಡಿಗೆಗೆ ಕರೆಸಿದ ಹಾಗಾಯ್ತಲ್ಲ ಮಲ್ಲೇಶ" ಎಂದು ಆಂಟಿ ಕೊರಗುತ್ತಿದ್ದರು. ಉಪಮೆ ಅಷ್ಟು ಸಭ್ಯವಾಗಿಲ್ಲವಾದರೂ ಸಂಕಟ ನಿಜವಾದದ್ದು.

ಸಂಘಕ್ಕೆ ಊರಾಚೆ ಒಂದು ಹಳೆಯ ಗೋದಾಮಿದೆ. ಅಲ್ಲಿ ಕಾಫಿ ಹುರಿಯುವ ಘಟಕ ಹಾಕಲು ಯಾರಾದರೂ ಹಣವಂತರು ಬಂದರೆ ಬೀಜ ಇಲ್ಲೇ ಪುಡಿಯಾಗುತ್ತದೆ. ಜೊತೆಗೆ ಪಾರ್ವತಿಯ ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ಬೀಜ ಆರಿಸುವ, ಪೊಟ್ಟಣ ಕಟ್ಟುವ ಕೆಲಸ. ಪಿಕಿಂಗ್, ಅಂದರೆ ಕಾಫಿ ಹಣ್ಣಿನ ಕೊಯ್ಲು, ಮುಗಿದ ಮೇಲೆ, ಅದರಲ್ಲೂ ಜಡಿಮಳೆಯ ತಿಂಗಳುಗಳಲ್ಲಿ, ಅವರಲ್ಲಿ ಹಲವರಿಗೆ ಕೆಲಸವೇ ಇರುವುದಿಲ್ಲ. ಇಬ್ಬರು ಉದ್ಯಮಿಗಳು ಆಗಲೇ ಬಂದು, ಹೊಟ್ಟೆ ತುಂಬ ಉಂಡು, ಗೋದಾಮಿನ ಮುಂದೆ ಫೋಟೋ ತೆಗೆಸಿಕೊಂಡು, ಹೋದವರು ಹೋದರು. ಈ ಸಲವೂ ಆಗದಿದ್ದರೆ ಗೋದಾಮನ್ನು ಸಿಮೆಂಟ್ ವ್ಯಾಪಾರಿಗೆ ಬಾಡಿಗೆಗೆ ಕೊಟ್ಟುಬಿಡೋಣ ಎಂದು ಕಮಿಟಿ ತೀರ್ಮಾನಿಸಿತು. ಪಾರ್ವತಿ ನನ್ನನ್ನು ಕೂರಿಸಿಕೊಂಡು, ಈ ಸಲವಾದರೂ ದಯವಿಟ್ಟು ಹುಡುಗಿ ನೋಡಲು ಬಂದಾಗ ಮಾತಾಡಿದ ಹಾಗೆ ಮಾತಾಡಬೇಡಿ ಎಂದು ಬೇಡಿಕೊಂಡಳು.

ಮೂರನೆಯವರು ಹುಬ್ಬಳ್ಳಿಯ ಸಾಹುಕಾರರು, ಅಂಗಡಿ ಎಂಬುದು ಮನೆತನದ ಹೆಸರು. ಚಹಾಪುಡಿಯಲ್ಲಿ ಗೆದ್ದು, ಕಾಫಿಪುಡಿಗೂ ಕೈ ಹಾಕುವ ಮನಸ್ಸಿದ್ದವರು. ಅವರಿಗಾಗಿ ನಾನು ಮೈಮುರಿದು ಸ್ಲೈಡುಗಳನ್ನು ಮಾಡಿದೆ. ಮಂಜು, ಬೆಟ್ಟ, ಜಲಪಾತ, ಮತ್ತೆ ಮಂಜು. ಮಳೆಗಾಲದಲ್ಲಿ ಕರೆಂಟು ಹೋಗುವುದು, ರಸ್ತೆಗೆ ಮರ ಉರುಳುವುದು, ಆನೆ ಬರುವುದು ಇವಾವುದಕ್ಕೂ ಸ್ಲೈಡಿನಲ್ಲಿ ಜಾಗ ಸಿಗದಂತೆ ನೋಡಿಕೊಂಡೆ. ಸಭೆಗೆ ಮಾರ್ಚ್ ತಿಂಗಳ ಒಂದು ಮಧ್ಯಾಹ್ನವನ್ನು ಗೊತ್ತು ಮಾಡಿದೆ. "ಮಾರ್ಚಲ್ಲಿ ಇಟ್ಕೊಂಡಿದ್ದೀರಲ್ಲ, ಮಳೆ ಬಂದ್ರೆ?" ಎಂದಳು ಪಾರ್ವತಿ. ಸಭಾಭವನಕ್ಕೆ ಶೀಟು ಹಾಕಿಸಿದ್ದೇನೆ, ಒಂದು ಹನಿಯೂ ಸೋರುವುದಿಲ್ಲ ಎಂದೆ. ಅವಳು ನನ್ನ ಮುಖವನ್ನು ಒಂದು ಥರಾ ನೋಡಿ ಒಳಗೆ ಹೋದಳು.

ಇಲ್ಲಿ ಮಳೆಯ ವಿಷಯ ಸ್ವಲ್ಪ ಹೇಳಬೇಕು. ಕೊಡಗಿನಲ್ಲಿ ಮಳೆ ಬರುವುದಿಲ್ಲ, ಮಳೆಯನ್ನು ಅಳೆಯುತ್ತಾರೆ. ತೋಟದ ಮನೆಗಳ ಅಂಗಳದಲ್ಲಿ ತುಳಸಿಕಟ್ಟೆಯಷ್ಟೇ ಭಕ್ತಿಯಿಂದ ಒಂದು ಮಳೆಮಾಪಕವನ್ನು ನಿಲ್ಲಿಸಿರುತ್ತಾರೆ. ಒಂದು ಇಂಚಿಗೆ ನೂರು ಸೆಂಟ್. ಮದುವೆ ಮನೆಯಲ್ಲಿ ಊಟ ಆಯ್ತಾ ಎಂದು ಕೇಳುವ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್?" ಎಂದು ಕೇಳುತ್ತಾರೆ. ಸಾವಿನ ಮನೆಯಲ್ಲಿಯೂ ಅಂಗಳದ ಒಂದು ಮೂಲೆಯಲ್ಲಿ ಇದೇ ಪ್ರಶ್ನೆ ತಗ್ಗಿದ ದನಿಯಲ್ಲಿ ನಡೆದಿರುತ್ತದೆ. ಕೊಡಗಿನ ಅಂಚಿನಲ್ಲೇ ಇದ್ದರೂ ಬಯಲುಸೀಮೆಯ ಗಾಳಿ ಬೀಸುವ ನಮ್ಮ ಶನಿವಾರಸಂತೆಯಿಂದ ಬಂದ ನನಗೆ ಮೊದಮೊದಲು ಇದೊಂದು ಹುಚ್ಚೆಂದೇ ತೋರಿತ್ತು.

ಅದರಲ್ಲೂ ಬೇಸಿಗೆಯ ಮೊದಲ ಮಳೆ, ಹೂಮಳೆ, ಬಂತೆಂದರೆ ಮುಗಿಯಿತು. ಅದು ಚೆನ್ನಾಗಿ ಬಿದ್ದರೆ ತೋಟವಿಡೀ ಬಿಳಿ ಹೂವು. ಅರೆಬರೆ ಬಿದ್ದರೆ ಮೊಗ್ಗು ಅರ್ಧ ಎಚ್ಚರಗೊಂಡು ಹಾಗೇ ಕಮರಿಹೋಗುತ್ತದೆ. ವರ್ಷದ ಫಸಲೇ ಮಣ್ಣುಪಾಲು. ಆದ್ದರಿಂದ ಕಡಿಮೆ ಬಿದ್ದ ಕಡೆ ತಡಮಾಡದೆ ಕೆರೆಗೆ ಪಂಪು ಇಳಿಸಿ, ಸ್ಪ್ರಿಂಕ್ಲರಿನಲ್ಲಿ ಮಿಕ್ಕ ಮಳೆಯನ್ನು ತಾವೇ ಸುರಿಸಬೇಕು. ಇಷ್ಟೆಲ್ಲ ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಸಭೆಯ ದಿನಾಂಕ ಹಾಕುವಾಗ ನೆನಪಾಗುವುದು ಬೇರೆ.

ಸಭೆಯ ದಿನ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಂಗಡಿಯವರು, ಪಕ್ಕದಲ್ಲಿ ದೇಚಮ್ಮ ಆಂಟಿ. ಕಟ್ಟಕಡೆಯ ಸಾಲಿನಲ್ಲಿ ಆಂಟಿಯ ಪಕ್ಕದ ತೋಟದ ಉತ್ತಯ್ಯ ಅಂಕಲ್. ಅವರಿಬ್ಬರಿಗೂ ಒಂದು ಬೇಲಿಯ ವಿಷಯದಲ್ಲಿ ಕೋರ್ಟಿನಲ್ಲಿ ಕೇಸಿದೆ. ಮಾತಿಲ್ಲ, ಕತೆಯಿಲ್ಲ. ಆಂಟಿ ಮುಂದಿನ ಸಾಲಿನಲ್ಲಿ ಕೂತರೆ ಅಂಕಲ್ ಕೊನೆಯ ಸಾಲು ಹಿಡಿಯುವುದು ಸಂಘದ ಅಲಿಖಿತ ನಿಯಮ. ಹಿಂದಿನ ಕೋಣೆಯಲ್ಲಿ ಪಾರ್ವತಿ ಮತ್ತು ಅವಳ ಸಂಗಡಿಗರು ಇಡೀ ಸಭೆಗೆ ಸಾಲುವಷ್ಟು ಕಡಂಬಿಟ್ಟು ಎಂಬ ಅಕ್ಕಿತರಿಯ ಉಂಡೆ, ಕುಂಬಳಕಾಯಿ ಪಲ್ಯ ಮಾಡಿಟ್ಟುಕೊಂಡು ಕಾದಿದ್ದರು.

"ಇಲ್ಲಿನ ಬೆಳೆಗಾರರು ಹೂಡಿಕೆದಾರರ ಸೇವೆಗೆ ಸದಾ ಸಿದ್ಧ" ಎಂಬ ಸ್ಲೈಡಿಗೆ ನಾನು ಬಂದಿದ್ದೆ. ದೂರದಲ್ಲೆಲ್ಲೋ ಗುಡುಗಿತು. ಸಭೆಯ ಅಷ್ಟೂ ತಲೆಗಳು ಒಟ್ಟಿಗೆ ಕಿಟಕಿಯತ್ತ ಹೊರಳಿದವು. ನಾನು ದನಿ ಏರಿಸಿದೆ. ಶೀಟಿನ ಮೇಲೆ ಟಪ್ಪೆಂದು ಒಂದು ಹನಿ, ಆಮೇಲೆ ಇನ್ನೊಂದು. ಜೇಬು ಜೇಬುಗಳಲ್ಲಿ ಫೋನುಗಳು ಗುಂಯ್‌ಗುಟ್ಟಿದವು. ಹಿಂದಿನ ಸಾಲು ಎದ್ದಿತು, ನಡುವಿನ ಸಾಲು ಎದ್ದಿತು. ಯಾರೂ ಒರಟಾಗಿ ಹೋಗಲಿಲ್ಲ. ಒಬ್ಬೊಬ್ಬರೂ ಅಂಗಡಿಯವರಿಗೆ ಕೈಮುಗಿದು, ಕ್ಷಮೆ ಕೇಳಿಯೇ ಹೋದರು. ಕೊನೆಗೆ ದೇಚಮ್ಮ ಆಂಟಿಯೂ ಎದ್ದರು. "ಸ್ವಲ್ಪ ಕೂತಿರಿ ಸಾರ್, ಮಳೆ ನೋಡಿಕೊಂಡು ಬರ್ತೇನೆ" ಎಂದು, ಮಗುವಿಗೆ ಹಾಲು ಕುಡಿಸಿ ಬರುತ್ತೇನೆ ಎಂಬಷ್ಟು ಸಹಜವಾಗಿ ಹೇಳಿ ಹೊರಟೇ ಹೋದರು. ಹೊರಗೆ ಜೀಪುಗಳು ಸಾಲಾಗಿ ಗುರುಗುಟ್ಟಿ ಮರೆಯಾದವು.

ಭವನದಲ್ಲಿ ಉಳಿದವರು ನಾನು, ಅಂಗಡಿಯವರು ಮತ್ತು ನಾಲ್ಕು ಬುಟ್ಟಿ ಕಡಂಬಿಟ್ಟು. ಗೋಡೆಯ ಮೇಲೆ "ಸದಾ ಸಿದ್ಧ" ಹಾಗೇ ಬೆಳಗುತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಿಂದಿನ ಕೋಣೆಯ ಬಾಗಿಲಲ್ಲಿ ಪಾರ್ವತಿಯ ಮುಖ ಕಂಡಿತು. ಅದರಲ್ಲಿ ಸಿಮೆಂಟಿನ ಮೂಟೆಗಳು ಒಂದರ ಮೇಲೊಂದು ಏರುತ್ತಿದ್ದವು.

"ಏನ್ರೀ ಸೆಕ್ರೆಟರಿಯವರ, ನಾ ಏನರ ತಪ್ಪು ಮಾತಾಡಿದ್ನೇನು?" ಎಂದು ಅಂಗಡಿಯವರು ಕೇಳಿದರು. ಪಾಪ, ಅವರು ಅಲ್ಲಿಯವರೆಗೆ ಬಾಯಿಯನ್ನೇ ತೆರೆದಿರಲಿಲ್ಲ. ಸುಳ್ಳು ಹೇಳಲು ಇದಕ್ಕಿಂತ ಪ್ರಶಸ್ತ ಸಮಯ ಇರಲಿಲ್ಲ. ಯಾವುದಾದರೂ ತುರ್ತು, ಯಾವುದಾದರೂ ಅಪಘಾತ. ನಾನೋ, ಎಲ್ಲರೂ ಮಳೆ ಅಳೆಯಲು ಹೋಗಿದ್ದಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಒದರಿದೆ. ಅವರು ಕಡಂಬಿಟ್ಟೊಂದನ್ನು ಕೈಗೆತ್ತಿಕೊಂಡು, "ಹಂಗಾರ ನಡೀರಿ, ನಾವೂ ನೋಡೂಣು" ಎಂದರು.

ಆಂಟಿಯ ತೋಟ ತಲುಪುವಷ್ಟರಲ್ಲಿ ಮಳೆ ನಿಂತಿತ್ತು. ಮಣ್ಣಿನ ವಾಸನೆ ಎದೆ ತುಂಬುವಂತೆ ಏಳುತ್ತಿತ್ತು. ಆಂಟಿ ಗಂಬೂಟು ಹಾಕಿಕೊಂಡು ಅಂಗಳದ ನಡುವೆ ನಿಂತು, ಮಳೆಮಾಪಕದ ಗಾಜಿನ ಕೊಳವೆಯನ್ನು ಕಣ್ಣ ಮಟ್ಟಕ್ಕೆ ಹಿಡಿದಿದ್ದರು. ಮುಖ ಇಳಿದುಹೋಗಿತ್ತು. ಬರೀ ಅರವತ್ತು ಸೆಂಟ್. ಗುಡ್ಡದ ಆಚೆಗೆ ಬಿದ್ದದ್ದು ಈಚೆಗೆ ಬೀಳುವುದಿಲ್ಲ. ಆ ಕಡೆ ಉತ್ತಯ್ಯ ಅಂಕಲ್ ತೋಟದಲ್ಲಿ ಒಂದು ಇಂಚು ದಾಟಿತ್ತಂತೆ. ಅರವತ್ತಕ್ಕೆ ಮೊಗ್ಗು ಎದ್ದಿದೆ, ಮಿಕ್ಕದ್ದನ್ನು ನೀರು ಹಾರಿಸಿ ತುಂಬಬೇಕು ಎಂದರೆ ಆಂಟಿಯ ಪಂಪು ಎಷ್ಟು ಹಗ್ಗ ಎಳೆದರೂ ಕೆಮ್ಮಿ ಕೆಮ್ಮಿ ನಿಂತುಹೋಗುತ್ತಿತ್ತು.

ಆ ಕೆಮ್ಮು ಬೇಲಿಯಾಚೆಗೂ ಕೇಳಿಸಿತ್ತೇನೋ, ಗೇಟಿನಲ್ಲಿ ಉತ್ತಯ್ಯ ಅಂಕಲ್ಲಿನ ಜೀಪು ಬಂತು. ಹಿಂದೆ ಪಂಪು, ಪೈಪು, ನಾಲ್ಕು ಆಳು. ಅಂಕಲ್ ಇಳಿದರು. ಆಂಟಿಯಿಂದ ಎರಡು ಮಾರು ದೂರದಲ್ಲಿ ನಿಂತರು. ಮುಖ ಮಾತ್ರ ನನ್ನ ಕಡೆಗೆ.

"ಮಲ್ಲೇಶ, ಅವರಿಗೆ ಹೇಳಿ. ಕೇಸು ಕೋರ್ಟಲ್ಲಿ ಉಂಟು, ಪಂಪು ಜೀಪಲ್ಲಿ ಉಂಟು. ಎಲ್ಲಿ ಇಳಿಸುವುದು ಅಂತ ಕೇಳಿ."

ನಾನು ಆಂಟಿಯತ್ತ ತಿರುಗಿ ಅದನ್ನೇ ಹೇಳಿದೆ. ಆಂಟಿ ಕೊಳವೆಯನ್ನು ಒರೆಸುತ್ತಾ, ಕೆರೆಯ ಕೆಳಗಿನ ಮೂಲೆಗೆ ಇಳಿಸಲು ಹೇಳು ಎಂದರು. ನಾನು ಅಂಕಲ್ಲಿನತ್ತ ತಿರುಗಿದೆ. ಅವರು ಆಗಲೇ ಇಳಿಸುತ್ತಿದ್ದರು. ಸಂಘದಲ್ಲಿ ನಾನು ಮಾಡಿದ ಕೆಲಸಗಳಲ್ಲೆಲ್ಲ ಇದೇ ಉತ್ತಮವಾದದ್ದು ಎಂದು ನನ್ನ ಭಾವನೆ. ಕೇಸು ನಡೆಯುತ್ತಿರುವ ಅದೇ ಬೇಲಿಯ ತಂತಿಯನ್ನು ಎತ್ತಿ ಹಿಡಿದು, ಅದರ ಅಡಿಯಿಂದ ಅಂಕಲ್ ತೋಟದ ಇನ್ನಷ್ಟು ಪೈಪುಗಳನ್ನು ದಾಟಿಸಿದರು. ಅಂಗಡಿಯವರು ಪಂಚೆ ಎತ್ತಿ ಕಟ್ಟಿ, ಯಾರೂ ಕರೆಯದೆ ಪೈಪಿಗೆ ಹೆಗಲು ಕೊಟ್ಟರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅವರು ಮೊಣಕಾಲವರೆಗೆ ಕೆಸರಾದರು. ಪಂಪು ಒಂದೇ ಎಳೆತಕ್ಕೆ ಹತ್ತಿತು. ಕಾಫಿ ಗಿಡಗಳ ಮೇಲೆ ನೀರು ಸುತ್ತಿ ಸುತ್ತಿ ಬೀಳುವುದನ್ನು ನೋಡುತ್ತಾ ಎಲ್ಲರೂ ನಿಂತೆವು. ಇವರನ್ನು ನಾನು ಇಷ್ಟು ದಿನ ಮಂಜು, ಜಲಪಾತಗಳ ಹಿಂದೆ ಬಚ್ಚಿಟ್ಟಿದ್ದೆನಲ್ಲ ಎಂದು ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಆಮೇಲೆ ಜಗಲಿಯಲ್ಲಿ ಕಾಫಿ. ಅಂಗಡಿಯವರು ಇಲ್ಲಿ ವ್ಯಾಪಾರಕ್ಕೆ ಏನೇನು ತೊಂದರೆ ಎಂದು ನೇರವಾಗಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆಂಟಿ ಶುರುಮಾಡಿದರು. ನಾನು ಸ್ಲೈಡಿನಿಂದ ಹೊರಗಿಟ್ಟಿದ್ದ ಕರೆಂಟು, ಮರ, ಆನೆ ಎಲ್ಲವೂ ಮೆರವಣಿಗೆ ಹೊರಟು ಬಂದವು. ಗೋದಾಮಿನ ಹಿಂದಿನ ಗೋಡೆ ತೇವ ಹೀರುತ್ತದೆ ಎಂಬ, ನನಗೇ ಗೊತ್ತಿಲ್ಲದ ಸಂಗತಿಯೂ ಹೊರಬಿತ್ತು. ಉತ್ತಯ್ಯ ಅಂಕಲ್ ಮಧ್ಯೆ ಮಧ್ಯೆ ನನ್ನ ಮೂಲಕ, ಅವರು ಹೇಳಿದ್ದು ಸರಿ ಎಂದು ಅನುಮೋದಿಸುತ್ತಿದ್ದರು. ಅವರಿಬ್ಬರೂ ಯಾವುದಾದರೂ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

"ಮತ್ತ ಚಲೋ ಏನೈತ್ರೀ ಇಲ್ಲಿ?" ಎಂದರು ಅಂಗಡಿಯವರು.

ಆಂಟಿ ಬಹಳ ಹೊತ್ತು ಯೋಚಿಸಿದರು. "ಕಾಫಿ ಒಳ್ಳೇದುಂಟು" ಎಂದರು. ಅಷ್ಟೇ.

ಮುಗಿಯಿತು ಕತೆ, ಸಿಮೆಂಟೇ ಗತಿ ಎಂದುಕೊಂಡೆ. ಅಂಗಡಿಯವರು ಲೋಟ ಕೆಳಗಿಟ್ಟರು.

"ನಾ ಭಾಳ ಊರು ನೋಡೇನ್ರಿ. ಎಲ್ಲಾ ಕಡೆ ಶಾಲು ಹೊದಸ್ತಾರ, ನಾ ಏಳೂತನಕಾ ಎದುರಿಗೆ ಕುಂಡರ್ತಾರ. ಆಮ್ಯಾಲೆ ಮಾಲು ಕೈಕೊಡತೈತಿ. ನೀವು ನನ್ನ ಬಿಟ್ಟು ಮಾಲಿನ ಕಡೆ ಓಡಿದ್ರಿ. ವ್ಯಾಪಾರ ಇಂಥಾ ಮಂದಿ ಕೂಡ ಮಾಡಬೇಕ್ರಿ."

ಆ ಮಾತಿಗೆ ಆಂಟಿಯ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಅವರು ಅದನ್ನು ಮರೆಮಾಚಲು ಎದ್ದುಹೋಗಿ ಮತ್ತೊಮ್ಮೆ ಮಳೆಮಾಪಕ ನೋಡಿ ಬಂದರು. ಗೋದಾಮಿನ ಗೋಡೆ ರಿಪೇರಿಯಾಯಿತು, ಯಂತ್ರ ಬಂತು. ಈಗ ಆ ದಾರಿಯಲ್ಲಿ ಹೋದರೆ ಹುರಿದ ಕಾಫಿಯ ಘಮ ಬಸ್ಸಿನೊಳಗೂ ನುಗ್ಗುತ್ತದೆ. ಹೊರಗೆ ಜಡಿಮಳೆ ಹೊಡೆಯುತ್ತಿದ್ದರೂ ಒಳಗೆ ಪಾರ್ವತಿಯ ಸಂಘದವರು ಬೆಚ್ಚಗೆ ಕೂತು, ಹರಟುತ್ತಾ ಬೀಜ ಆರಿಸುತ್ತಾರೆ. ಮೇಲ್ವಿಚಾರಕಿ ಅವಳೇ. ಉದ್ಘಾಟನೆಯ ದಿನ ಆಂಟಿ ಅಂಗಡಿಯವರಿಗೆ, ಹೆಂಗಸರಿಗೆ, ಹೂಮಳೆಗೆ ಮತ್ತು ಹೆಸರು ಹೇಳದೆ "ನೆರೆಯವರೊಬ್ಬರಿಗೆ" ಕೃತಜ್ಞತೆ ಹೇಳಿದರು. ನನ್ನ ಸ್ಲೈಡುಗಳ ಪ್ರಸ್ತಾಪ ಬರಲಿಲ್ಲ. ಬೇಲಿಯ ಕೇಸು ಇನ್ನೂ ನಡೆಯುತ್ತಿದೆ.

ನಾನೂ ಒಂದು ಮಳೆಮಾಪಕ ಕೊಂಡು ಬಾಡಿಗೆಮನೆಯ ತಾರಸಿಯಲ್ಲಿ ಇಟ್ಟಿದ್ದೇನೆ. ಅಂಗಡಿಯವರು ಹುಬ್ಬಳ್ಳಿಯಿಂದ ಫೋನು ಮಾಡಿ "ಎಷ್ಟು ಸೆಂಟ್ರೀ?" ಎಂದು ಕೇಳುತ್ತಾರಲ್ಲ, ಉತ್ತರ ಬೇಡವೇ? ಕಳೆದ ಬೇಸಿಗೆಯಲ್ಲಿ ಕರಿಮೆಣಸಿನ ಘಟಕ ಹಾಕುವ ಉದ್ದೇಶದಿಂದ ಮತ್ತೊಬ್ಬ ಉದ್ಯಮಿ ಬಂದಿದ್ದರು. ಅದೇ ಭವನ, ಹೊಸ ಸ್ಲೈಡು. ಈ ಸಲ ಆನೆ, ಕರೆಂಟು ಎಲ್ಲವನ್ನೂ ಪ್ರಾಮಾಣಿಕವಾಗಿ ಹಾಕಿದ್ದೆ. ಆನೆಯ ಸ್ಲೈಡಿಗೆ ಬರುವಾಗ ಗುಡುಗಿತು. ಬೆಳೆಗಾರರು ಇನ್ನೂ ಕಿಟಕಿಯತ್ತ ತಿರುಗುತ್ತಿದ್ದರಷ್ಟೆ. ಎಲ್ಲರಿಗಿಂತ ಮೊದಲು ಬಾಗಿಲು ದಾಟಿದವನು ನಾನು. ಮನೆಯ ಮೆಟ್ಟಿಲನ್ನು ಏದುಸಿರಿನಲ್ಲಿ ಹತ್ತಿ, ಮಳೆ ನಿಲ್ಲುವವರೆಗೆ ಕೊಡೆ ಹಿಡಿದು ಕಾದು, ಅಳತೆ ನೋಡಿ, ತೃಪ್ತಿಯಿಂದ ಹಿಂತಿರುಗಿದಾಗ ಖಾಲಿ ಭವನದಲ್ಲಿ ಆ ಉದ್ಯಮಿ ಪಾರ್ವತಿ ಬಡಿಸಿದ ಕಡಂಬಿಟ್ಟು ತಿನ್ನುತ್ತಾ ಕೂತಿದ್ದರು. ನಿಮ್ಮ ಯಜಮಾನರು ಎಲ್ಲಿ ಹೋದರು ಎಂದು ಅವರು ವಿಚಾರಿಸಿದರಂತೆ. ತೋಟಕ್ಕೆ ನೀರು ಸಾಕಾಯಿತೇ ಎಂದು ನೋಡಲು ಹೋಗಿದ್ದಾರೆ ಎಂದು ಪಾರ್ವತಿ ಗಂಭೀರವಾಗಿ ಹೇಳಿದ್ದಳು. ಎಷ್ಟು ಎಕರೆ ತೋಟ ಸಾರ್ ನಿಮ್ಮದು ಎಂದು ಅವರು ನನ್ನನ್ನು ಬಹಳ ಗೌರವದಿಂದ ಕೇಳಿದರು. ಸುಳ್ಳು ಹೇಳುವಷ್ಟು ಬುದ್ಧಿ ಇಲ್ಲವೆಂದಿದ್ದ ಅವಳ ಅಪ್ಪನ ಮಾತಿಗೆ ಚ್ಯುತಿ ತರುವುದು ಹೇಗೆ? ತಾರಸಿಯ ಮೇಲೆ ಎಣ್ಣೆ ಡಬ್ಬದಲ್ಲಿ ಒಂದು ಕರಿಬೇವಿನ ಗಿಡ ಇದೆ ಎಂದೆ.