ನಾಕ ಬಟ್ಟು ಮ್ಯಾಲೆ

ಹನ್ನೆರಡು ವರ್ಷದಿಂದ ನಾನು ನವಲಗುಂದ ತಾಲೂಕಿನ ಶಿಕ್ಷಕರ ವಾಲಿಬಾಲ್ ತಂಡದಾಗ ಅದೀನಿ. ಆಡಿಲ್ಲ. ಅದೀನಿ, ಅಷ್ಟ. ಆರು ಮಂದಿ ಆಡತಾರ. ಏಳನೇದವ ನಾನು, ಗಿಡದ ಬುಡಕ ಕೂತು ಅವರ ವಾಚು, ಮೊಬೈಲು, ಚಪ್ಪಲಿ ಕಾಯತೀನಿ. ಇವತ್ತಿನ ತನಕ ಒಂದು ವಾಚೂ ಕಳದಿಲ್ಲ. ಈ ವಿಷಯದಾಗ ನನ್ನ ದಾಖಲೆ ಯಾರೂ ಮುರದಿಲ್ಲ.

ಈ ಸಲ ಕುಂದಗೋಳದವರ ಜೋಡಿ ಮ್ಯಾಚ್ ಅಂತ ಗೊತ್ತಾದ ಕೂಡಲೇ, ತಂಡದ ಕ್ಯಾಪ್ಟನ್ನೂ ಆಗಿರೋ ನಮ್ಮ ಹೆಡ್ ಮಾಸ್ತರರ ಮುಂದ ಹೋಗಿ ನಿಂತೆ. ಸಾಯೂದ್ರೊಳಗ ಒಂದು ಸಲ ನನ್ನ ಆಡಸ್ತೀರೋ ಇಲ್ಲೋ ಅಂತ ಕೇಳಿದೆ. ಅವರು ನನ್ನ ತಲಿಯಿಂದ ಕಾಲಿನ ತನಕ ನೋಡಿದ್ರು. ಅದಕ್ಕ ಭಾಳ ಹೊತ್ತು ಹಿಡಿಯಂಗಿಲ್ಲ, ನಾನು ಗಿಡ್ಡ.

"ಮಾಸ್ತರ, ನಿಮ್ಮ ಜಿಗಿತ ನಾಕ ಬಟ್ಟು ಏರಲಿ. ನೆಟ್ಟಿನ ಮುಂದ ನಿಲ್ಲಸ್ತೀನಿ" ಅಂದ್ರು.

ನಾಕ ಬಟ್ಟು ಅಂದ್ರ ಎಷ್ಟು? ಮೂರು ಇಂಚು! ಐದನೇತ್ತಾ ಮಕ್ಕಳಿಗೆ ಗಣಿತ ಕಲಸೋ ಮನಶ್ಯಾಗ ಮೂರು ಇಂಚು ಏನು ದೊಡ್ಡದು? ಮ್ಯಾಚಿಗೆ ಇನ್ನೂ ಒಂದು ತಿಂಗಳಿತ್ತು. ದಿನಕ್ಕ ಇಂಚಿನ ಹತ್ತನೇ ಒಂದು ಭಾಗ ಏರಿದ್ರ ಸಾಕು ಅಂತ ಅಲ್ಲೇ ಭಾಗಾಕಾರ ಮಾಡಿದೆ. ಭಾಗಾಕಾರ ಸರಿ ಇತ್ತು.

ಮೊಬೈಲಿನ್ಯಾಗ ಒಬ್ಬ ತರಬೇತುದಾರ ಸಿಕ್ಕ. ಮ್ಯಾಲೆ ಹಾರಬೇಕಂದ್ರ ಮೊದಲ ಕೆಳಗ ಕೂಡಬೇಕು ಅಂದ. ಕೂತೆ. ಅರ್ಧ ಕೂಡೂದು, ಏಳೂದು, ಮತ್ತ ಅರ್ಧ ಕೂಡೂದು. ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿಯೂದು ಬಿಟ್ಟು ಬಂದು, ಏನ ಕಳಕೊಂಡೀರಿ, ನಾನೂ ಹುಡಕ್ಲೇನು ಅಂತ ಕೇಳಿದ್ಳು. ಆಮ್ಯಾಲೆ ಹಗ್ಗ ಜಿಗದೆ. ಹಗ್ಗ ಎಮ್ಮೀದು. ಎರಡು ದಿನ ಎಮ್ಮಿ ನನ್ನ ಮಾರಿ ನೋಡಲಿಲ್ಲ.

ಕಡೀಕ ಅಳತಿ. ಹಿತ್ತಲದಾಗ ಬಚ್ಚಲದ ಬಾಜೂ ಒಂದು ಗ್ವಾಡಿ ಐತಿ. ಬಟ್ಟಿಗೆ ಸುಣ್ಣ ಹಚ್ಚಿಕೊಂಡು ಅದರ ಬುಡಕ ನಿಂತು ಜಿಗಿಯೂದು, ಎಷ್ಟು ಎತ್ತರ ಮುಟ್ಟತೈತೋ ಅಲ್ಲಿ ಸುಣ್ಣದ ಗುರ್ತು ಬೀಳತೈತಿ, ಬಾಜೂ ತಾರೀಖು ಬರಿಯೂದು. ಅಗದಿ ಶಾಸ್ತ್ರೋಕ್ತ ಪದ್ಧತಿ. ದಿನಾ ಅದ ಜಾಗಾ, ಐವತ್ತು ಜಿಗಿತ.

ಒಂದು ವಾರ ಆತು. ಗುರ್ತು ಒಂದು ಬಟ್ಟು ಇಳದಿತ್ತು!

ನಾನು ಗ್ವಾಡಿ ನೋಡಿದೆ, ನನ್ನ ಬಟ್ಟು ನೋಡಿಕೊಂಡೆ. ತಾಲೀಮು ಕಡಿಮಿ ಬಿದ್ದಿರಬೇಕು ಅಂತ ಐವತ್ತು ಇದ್ದದ್ದು ನೂರು ಮಾಡಿದೆ. ಮುಂದಿನ ವಾರ ಇನ್ನೊಂದು ಬಟ್ಟು ಇಳೀತು. ಬಾಜೂ ಮನಿ ಬಸಣ್ಣ ಕಾಕಾ ತಮ್ಮ ಮಾಳಿಗಿ ಮ್ಯಾಲಿಂದ ಇಣುಕಿ, ಮೊಣಕಾಲಾಗ ಕಸುವಿಲ್ಲ, ಅಂಟಿನುಂಡಿ ತಿನ್ನು ಅಂದ್ರು. ಬಾಣಂತ್ಯಾರಿಗೆ ಕೊಡೂ ಉಂಡಿ ಅದು. ನಾಚಿಕಿ ಬಿಟ್ಟು ದಿನಾ ಎರಡು ತಿಂದೆ. ಗುರ್ತು ಇಳೀತು. ಉಂಡಿ ಬಿಟ್ಟೆ. ಆಗೂ ಇಳೀತು. ತಿಂದ್ರೂ ಇಳೀತೈತಿ, ಬಿಟ್ರೂ ಇಳೀತೈತಿ. ಹೆಚ್ಚು ಹಾರಿದಷ್ಟು ಕಡಿಮಿ ಹಾರತೀನಿ ಅಂದ್ರ ಇದು ಯಾವ ಗಣಿತ? ತಲಿ ಕೆಟ್ಟು ಮಸರ ಗಡಿಗಿ ಆತು. ಒಂದು ಮುಂಜಾನೆ ಗಿರಿಜಾಗ ಕೇಳೇ ಬಿಟ್ಟೆ, ಈ ಗ್ವಾಡಿ ಮೊದಲಿನಿಂದಾನೂ ಇಷ್ಟ ಎತ್ತರ ಇತ್ತೇನು ಅಂತ. ಆಕಿ ನನ್ನ ಹಣಿ ಮುಟ್ಟಿ, ಜ್ವರ ಐತೇನು ನೋಡಿದ್ಳು.

ಆಕೀದು ಬ್ಯಾರೆ ಒಂದು ರಗಳಿ. ಅಲ್ಲೇ ಜಿಗೀಬ್ಯಾಡ್ರಿ, ತೆಗ್ಗ ಬಿದ್ದು ಬಚ್ಚಲ ನೀರ ನಿಲ್ಲಾಕತ್ತೈತಿ ಅಂತ ದಿನಾ ಒಂದ ರಾಗ. ನಮ್ಮದು ಎರಿ ಭೂಮಿ. ಹಸಿ ಎರಿ ಮಣ್ಣು ತುಳದಷ್ಟೂ ಕುಸೀತೈತಿ ಅಂತ ಊರಾಗಿನ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದ್ರ ನನ್ನ ಲಕ್ಷ್ಯ ಎಲ್ಲಾ ಮ್ಯಾಲಿತ್ತು. ಕ್ರೀಡಾಪಟುವಿನ ಸಾಧನೆಯ ಮುಂದ ಬಚ್ಚಲ ನೀರಿನ ಮಾತು ಎತ್ತಬಾರದು ಅಂತ ಆಕಿಗೆ ತಿಳಿಸಿ ಹೇಳಿದೆ.

ಮ್ಯಾಚಿಗೆ ಒಂದು ವಾರ ಉಳದಾಗ ಮೊಬೈಲಿನ ಗುರುಗಳು ಹೊಸಾ ಮಾತು ಹೇಳಿದ್ರು. ಸ್ನಾಯುಗಳಿಗೆ ವಿಶ್ರಾಂತಿ ಬೇಕಂತ. ಶನಿವಾರ ಗುಡಗೇರಿಗೆ ನಮ್ಮ ಅಕ್ಕನ ಮನಿಗೆ ಹೋದೆ, ಎರಡು ದಿನ ಬರೇ ಉಂಡು ಮಲಗಿದೆ. ಸೋಮವಾರ ಮುಂಜಾನೆ ಬಂದವನ ಸುಣ್ಣ ಹಚ್ಚಿಕೊಂಡು ಜಿಗದೆ.

ಮೊದಲನೇ ದಿನದ ಗುರ್ತಿಗಿಂತ ನಾಕ ಬಟ್ಟು ಮ್ಯಾಲೆ!

ಮತ್ತ ಜಿಗದೆ. ಮತ್ತ ನಾಕ ಬಟ್ಟು. ಕಾಲಿಗೆ ಏನೋ ಚುಚ್ಚಿದಂಗ ಆತು, ಖುಷಿಯೊಳಗ ಯಾರು ನೋಡತಾರ? ಗ್ವಾಡಿ ಫೋಟೋ ತಗದು ಹೆಡ್ ಮಾಸ್ತರರಿಗೆ ತೋರಿಸಿದೆ. ಅವರು ಎರಡು ಸಲ ಕನ್ನಡಕ ಒರಸಿಕೊಂಡು ನೋಡಿದ್ರು. ನಮ್ಮ ತಂಡದ ಎತ್ತರದ ಆಳು ಪಾಟೀಲ ಮಾಸ್ತರನ್ನ ಗಿಡದ ಬುಡಕ ಕೂಡಿಸಿ, ಅವನ ಅಂಗಿ ನನಗ ಕೊಟ್ರು. ಅಂಗಿ ಮೊಣಕಾಲಿಗೆ ಬಂತು.

ರವಿವಾರ ಮೈದಾನದಾಗ ನಾನು ನನ್ನ ವಾಚು ಬಿಚ್ಚಿ ಪಾಟೀಲನ ಕೈಯಾಗ ಇಟ್ಟೆ. ಹನ್ನೆರಡು ವರ್ಷದಾಗ ಮೊದಲನೇ ಸಲ. ಮೊದಲನೇ ಚೆಂಡು ಬಂತು. ಜಿಗದೆ. ಚೆಂಡು ನನ್ನ ಕೈ ಮ್ಯಾಲಿಂದ ಸಾವಕಾಶ ದಾಟಿ ಹೋತು. ನಾನು ನೆಟ್ಟಿನ್ಯಾಗ ಹೋದೆ. ಎರಡನೇದೂ ಹಂಗ. ಮೂರನೇದಕ್ಕ ಬಟ್ಟು ನೆಟ್ಟಿನ್ಯಾಗ ಸಿಕ್ಕು, ದಾರ ಹರದು, ನೆಟ್ಟು ನನ್ನ ಮ್ಯಾಲೆ ಬಿತ್ತು. ಕುಂದಗೋಳದವರ ಬಂದು ಬಿಡಿಸಿದ್ರು. ಭಾಳ ಒಳ್ಳೆ ಮಂದಿ.

"ಮಾಸ್ತರ, ಆ ನಾಕ ಬಟ್ಟು ಎಲ್ಲಿ ಹೋದುವು?" ಅಂದ್ರು ಹೆಡ್ ಮಾಸ್ತರು.

"ಮನ್ಯಾಗ ಅದಾವ್ರಿ ಸರ" ಅಂದೆ.

ಪಾಟೀಲ ತನ್ನ ಅಂಗಿ ತಗೊಂಡು, ಎಲ್ಲಾರ ವಾಚಿನ ಜೋಡಿ ನನ್ನ ವಾಚನ್ನೂ ನನ್ನ ಉಡಿಯಾಗ ಹಾಕಿದ. ಹೊತ್ತು ನೋಡಿದೆ. ನಾನು ಆಡಿದ್ದು ನಾಕ ನಿಮಿಷ. ಖರೆ ಹೇಳತೀನಿ, ಗಿಡದ ಬುಡಕ ಕೂತು ಅಳು ಬಂದಂಗ ಆತು.

ಮನಿಗೆ ಬಂದವನ ಸೀದಾ ಹಿತ್ತಲಕ್ಕ ಹೋಗಿ ಜಿಗದೆ. ಗುರ್ತು ನಾಕ ಬಟ್ಟು ಮ್ಯಾಲೇ ಬಿತ್ತು. ಮನ್ಯಾಗ ಹಾರೋ ಮನಶ್ಯಾ ಮೈದಾನದಾಗ ಯಾಕ ಹಾರಲಿಲ್ಲ? ಗಿರಿಜಾ ಜ್ವಾಳ ಹಸನ ಮಾಡಕೋತ ಕೂತಿದ್ಳು. ಆಕಿಗೆ ಕೇಳಿದೆ.

"ನೀವು ಗುಡಗೇರಿಗೆ ಹೋದಾಗ ಹತ್ತು ಬುಟ್ಟಿ ಗರಸು ಕಲ್ಲು ಹಾಕಿ, ನೀರ ನಿಲ್ಲಬಾರದಂತ ದಿಬ್ಬ ಮಾಡೀನಿ" ಅಂದ್ಳು. "ಏರಿದ್ದು ನೀವಲ್ರಿ. ನೆಲಾ."

ಹೇಳಬಾರದೇನ ಅಂದೆ. ತೆಗ್ಗ ಬಿದ್ದದ್ದನ್ನ ಹದಿನೈದು ದಿನ ಹೇಳಿದೆ, ಕೇಳಿದ್ರೇನು ಅಂತ ತಿರುಗಿ ಕೇಳಿದ್ಳು. ಟೇಪು ತಂದು, ದಿಬ್ಬ ಬಿಟ್ಟು ಬಾಜೂ ಸಪಾಟ ನೆಲದ ಮ್ಯಾಲೆ ಜಿಗದು, ಸರಿಯಾಗಿ ಅಳದೆ. ತಿಂಗಳ ತಾಲೀಮಿನಿಂದ ನನ್ನ ಜಿಗಿತ ಅರ್ಧ ಬಟ್ಟು ಕಡಿಮಿ ಆಗಿತ್ತು. ಅದು ಉಂಡಿ ಪ್ರತಾಪ.

ಮರುದಿನ ಐದನೇತ್ತಾದಾಗ ಅಳತಿ ಪಾಠ ಇತ್ತು. 'ಅಳೆಯುವ ಮೊದಲು ಸೊನ್ನೆ ಎಲ್ಲಿದೆ ನೋಡಿರಿ' ಅಂತ ಬೋರ್ಡಿನ ಮ್ಯಾಲೆ ದಪ್ಪಗೆ ಬರದೆ. ಬರಕೋತ ನೋಡತೀನಿ, ನನ್ನ ಕೈ ಬೋರ್ಡಿನ ಮ್ಯಾಲಿನ ತುದಿ ಮುಟ್ಟೈತಿ! ಎಂದೂ ಮುಟ್ಟಿದ್ದಿಲ್ಲ. ಎದಿ ಉಬ್ಬಿತು. ಅಷ್ಟರಾಗ ಬುದ್ಧಿ ಬಂದು, ಸಾವಕಾಶ ಕೆಳಗ ನೋಡಿಕೊಂಡೆ.

ಕುರ್ಚಿ ಇಡೂ ಕಟ್ಟಿ ಮ್ಯಾಲೆ ನಿಂತಿದ್ದೆ.