ಹೋದ ವರ್ಷದ ಹಾಗೇ

ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗದಲ್ಲಿ ಯಾರು ಏನು ಕೇಳಿದರೂ ಗುಮಾಸ್ತನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಹೋದ ವರ್ಷದ ಹಾಗೇ." ವೇಳಾಪಟ್ಟಿ ಹೇಗಿರಲಿ? ಹೋದ ವರ್ಷದ ಹಾಗೇ. ಕುರ್ಚಿ ಎಲ್ಲಿ ಹಾಕಲಿ? ಹೋದ ವರ್ಷದ ಹಾಗೇ. ಹೀಗಾಗಿ ಎಲ್ಲರೂ ಅವನನ್ನು 'ಹಾಗೇ ಅಣ್ಣ' ಎಂದೇ ಕರೆಯುತ್ತಿದ್ದರು.

ಹೊಸದಾಗಿ ಬರೆಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಯಾವ ಕಾಗದ ಬೇಕೆಂದರೂ ಅಂಥದೇ ಒಂದು ಹಳೆಯದು ಅವನ ಕಪಾಟಿನಲ್ಲಿ ಇದ್ದೇ ಇರುತ್ತಿತ್ತು. ಅದನ್ನು ಎದುರಿಗಿಟ್ಟುಕೊಂಡು, ತಾರೀಖು ಬದಲಿಸಿ, ನಕಲು ಇಳಿಸಿಬಿಟ್ಟರೆ ಮುಗಿಯಿತು. ನಿರ್ದೇಶಕರೂ ಅವನಿಗೆ ತಕ್ಕವರೇ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕಂತೆಗಟ್ಟಲೆ ಕಾಗದಕ್ಕೆ ಸಹಿ ಜಡಿಯುತ್ತಿದ್ದರೇ ಹೊರತು ಒಂದನ್ನೂ ಓದುತ್ತಿರಲಿಲ್ಲ. ಒಬ್ಬ ಬರೆಯದೆ, ಒಬ್ಬರು ಓದದೆ, ಮೂರು ವರ್ಷದಿಂದ ಆಫೀಸು ಸುಖವಾಗಿ ನಡೆದಿತ್ತು.

ಹೊಸ ಸೆಮಿಸ್ಟರಿನ ಮೊದಲ ದಿನ ಬೆಳಗ್ಗೆ ಗ್ರಂಥಪಾಲಕಿ ಬಂದು ಅವನ ಮೇಜಿನ ಮುಂದೆ ನಿಂತರು. ಕೈಯಲ್ಲಿ ಹಿಂದಿನ ಸಂಜೆ ಎಲ್ಲ ಕೊಠಡಿಗಳಿಗೆ ಹಂಚಿದ್ದ ಸ್ವಾಗತ ಪತ್ರ.

"ಅಣ್ಣಾ, ನಮ್ಮ ನಿರ್ದೇಶಕರು ಹೋಗ್ಬಿಟ್ರಾ?"

"ಎಲ್ಲಿಗೆ?"

"ಮೇಲಕ್ಕೆ. ನಿನ್ನೆ ಸಂಜೆ ತರಕಾರಿ ಅಂಗಡೀಲಿ ಬದನೆಕಾಯಿ ಆರಿಸ್ತಾ ಇದ್ರು. ಚೆನ್ನಾಗೇ ಇದ್ರು, ಪಾಪ."

ಅಣ್ಣ ಪತ್ರ ಕಿತ್ತುಕೊಂಡು ಓದಿದ. 'ಹೊಸ ಸೆಮಿಸ್ಟರಿಗೆ ಎಲ್ಲರಿಗೂ ಆತ್ಮೀಯ ಸ್ವಾಗತ. ರಜೆಯಲ್ಲಿ ನಮ್ಮನ್ನು ಅಗಲಿದ ನಿರ್ದೇಶಕರ ನೆನಪಿಗೆ ಸಭೆಯ ಆರಂಭದಲ್ಲಿ ಒಂದು ನಿಮಿಷ ಮೌನ ಆಚರಿಸೋಣ. ಈ ಸಲದ ಸಭೆ ಮಧ್ಯಾಹ್ನ ಮೂರಕ್ಕೆ, ಹೊಸ ಕಟ್ಟಡದ ಸಭಾಂಗಣದಲ್ಲಿ. ಇಂತಿ, ನಿರ್ದೇಶಕರು.' ಕೆಳಗೆ ದುಂಡನೆಯ ಸಹಿ.

ಮೊನ್ನೆ ಕಪಾಟಿನಿಂದ ಕಂತೆ ಜಾರಿ ಬಿದ್ದು ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗಿತ್ತು. ಸಿಕ್ಕಿದ್ದು ಮೂರು ವರ್ಷದ ಹಿಂದಿನ ಪತ್ರ, ಆಗಿನ ನಿರ್ದೇಶಕರು ತೀರಿಕೊಂಡಿದ್ದ ವರ್ಷದ್ದು. ತಾರೀಖನ್ನೂ ಜಾಗವನ್ನೂ ಜ್ಞಾಪಕವಾಗಿ ಬದಲಿಸಿದ್ದವನು ಸಾವನ್ನು ಮಾತ್ರ ಹಾಗೇ ಬಿಟ್ಟಿದ್ದ.

ಬೇರೆ ದಿನವಾಗಿದ್ದರೆ ಬೈಗುಳ ತಿಂದು ಸುಮ್ಮನಾಗುತ್ತಿದ್ದ. ಇವತ್ತು ಹಾಗಿರಲಿಲ್ಲ. ಮದುವೆಯಾದ ವಾರದಲ್ಲೇ ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಅದಕ್ಕೆ ಈಗ ಇಪ್ಪತ್ತೆರಡು ವರ್ಷ. ಹೋದ ವರ್ಷ ಸ್ವಾಗತ ಸಭೆಯಲ್ಲಿ ಮೈಕು ಕೈಕೊಟ್ಟಿತೆಂದು ನಿರ್ದೇಶಕರು ಸಿಟ್ಟಾಗಿ ರಜೆ ಕೊಟ್ಟಿರಲಿಲ್ಲ. "ಈ ಸಲ ಸಭೆ ಸುಸೂತ್ರವಾಗಿ ಮುಗೀಲಿ, ಅಲ್ಲೇ ಸಹಿ ಹಾಕ್ತೀನಿ," ಎಂದಿದ್ದರು. ಸಂಜೆ ಆರಕ್ಕೆ ರೈಲು. ಹೆಂಡತಿ ಪೆಟ್ಟಿಗೆ ಕಟ್ಟಿ ಎರಡು ದಿನವಾಗಿತ್ತು. ಹೋದ ವರ್ಷದ ಅರ್ಜಿಯನ್ನೇ ನೋಡಿಕೊಂಡು ಮುದ್ದಾದ ಅಕ್ಷರದಲ್ಲಿ ಇಳಿಸಿದ್ದ ರಜೆ ಅರ್ಜಿ ಅವನ ಜೇಬಿನಲ್ಲಿ ಬೆಚ್ಚಗೆ ಕೂತಿತ್ತು.

"ಅವರು ಬದುಕಿದ್ದಾರೆ ಮೇಡಂ. ಪತ್ರ ತಪ್ಪಾಗಿದೆ. ದಯವಿಟ್ಟು ಯಾರಿಗೂ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ? ಮೂವತ್ತು ವರ್ಷದಿಂದ ಎಲ್ರಿಗೂ ಸುಮ್ನಿರಿ ಸುಮ್ನಿರಿ ಅಂತ ಹೇಳಿರೋಳು ನಾನು."

ಹಂಚಿದ್ದು ನಲವತ್ತೆರಡು ಪ್ರತಿ. ಅಣ್ಣ ಕೊಠಡಿಯಿಂದ ಕೊಠಡಿಗೆ ಓಡಿದ. ಒಬ್ಬರು ಪತ್ರವನ್ನು ಟೀ ಲೋಟದ ಮೇಲೆ ಮುಚ್ಚಿದ್ದರು. ಒಬ್ಬರು ಅಲುಗಾಡುವ ಮೇಜಿನ ಕಾಲಿಗೆ ಮಡಚಿ ಇಟ್ಟಿದ್ದರು. ಬಹಳ ಮಂದಿಯ ಕೊಠಡಿಯಲ್ಲಿ ಅದು ಬಾಗಿಲ ಸಂದಿಯಲ್ಲೇ ಇತ್ತು. ಜನರ ಸೋಮಾರಿತನಕ್ಕೆ ಅವನು ಅಷ್ಟು ಕೃತಜ್ಞನಾಗಿದ್ದುದು ಅದೇ ಮೊದಲು. ಹನ್ನೊಂದು ಗಂಟೆಗೆ ಎಣಿಸಿದರೆ ನಲವತ್ತೊಂದು. ಉಳಿದ ಒಂದು ರಸಾಯನಶಾಸ್ತ್ರದ ಮೇಷ್ಟ್ರ ಹತ್ತಿರ. ಅವರು ಬಿಡುವಿನಲ್ಲಿ ಕವಿ. ಪ್ರಯೋಗಾಲಯದ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು.

"ಮೇಷ್ಟ್ರೇ, ಆ ಪತ್ರ ಕೊಡಿ. ಅದರಲ್ಲಿರೋದು ನಿಜ ಅಲ್ಲ."

"ಸಾವು ಅಂದ್ರೇನೇ ಹಾಗೆ. ನಿಜ ಅನ್ನಿಸೋದೇ ಇಲ್ಲ," ಎಂದಿತು ಒಳಗಿನ ಗದ್ಗದ ದನಿ. "ಹೋಗಿ ಅಣ್ಣಾ, ಮೂರನೇ ಚರಣದಲ್ಲಿದ್ದೀನಿ."

ಇನ್ನು ಸರಿಯಾದ ಪತ್ರ ಅಚ್ಚು ಹಾಕಿ ಹಂಚಬೇಕು ಎಂದುಕೊಂಡು ತಿರುಗುವಷ್ಟರಲ್ಲಿ ನಿರ್ದೇಶಕರಿಂದ ಕರೆ ಬಂತು. ಅವರು ಕೊಠಡಿಯಲ್ಲಿ ಸ್ವಾಗತ ಭಾಷಣದ ತಾಲೀಮು ನಡೆಸಿದ್ದರು. "ಬನ್ನಿ, ಕೂತ್ಕೊಳ್ಳಿ. ಕೇಳೋಕೆ ಒಬ್ಬರಿದ್ರೆ ಕಳೆ ಬರುತ್ತೆ."

ಕಳೆ ಬರಲು ಅವರಿಗೆ ನಾಲ್ಕು ಸಲ ಭಾಷಣ ಮಾಡಬೇಕಾಯಿತು. ಅಣ್ಣ ಒಂದೆರಡು ಸಲ ಎದ್ದು ನಿಂತ. ಚಪ್ಪಾಳೆಗೆ ಎದ್ದನೆಂದು ತಿಳಿದು ನಿರ್ದೇಶಕರು ಅವನನ್ನು ಕೂರಿಸಿದರು. ಮೂರಕ್ಕೆ ಐದು ನಿಮಿಷವಿದ್ದಾಗ ಇಬ್ಬರೂ ಹೊಸ ಸಭಾಂಗಣಕ್ಕೆ ಹೊರಟರು.

ಅಲ್ಲಿ ಆರುನೂರು ಕುರ್ಚಿಗಳಿದ್ದವು, ಒಂದು ನರಪಿಳ್ಳೆಯೂ ಇರಲಿಲ್ಲ. ಆಗ ಅಣ್ಣನಿಗೆ ಹೊಳೆಯಿತು: ಜಾಗ ಬದಲಾಗಿದೆ ಎಂಬ ಸುದ್ದಿ ಇದ್ದುದೂ ಅದೇ ಪತ್ರದಲ್ಲಿ. ಆ ಪ್ರತಿಗಳನ್ನೆಲ್ಲ ಅವನೇ ಬಾಚಿಕೊಂಡು ಬಂದು ಕಪಾಟಿಗೆ ಬೀಗ ಹಾಕಿದ್ದ.

"ಜನ ಎಲ್ರೀ?" ನಿರ್ದೇಶಕರ ಹುಬ್ಬು ಗಂಟಿಕ್ಕಿತು.

ಅಣ್ಣ ಬಾಗಿಲತ್ತ ಕೈ ತೋರಿಸಿದ. "ಹಳೇ ಸಭಾಂಗಣದಲ್ಲಿ ಇರಬಹುದು ಸರ್. ಹೋದ ವರ್ಷದ ಹಾಗೇ."

ಇದ್ದರು. ಇಡೀ ವಿಭಾಗವೇ ಅಲ್ಲಿ ಕಿಕ್ಕಿರಿದಿತ್ತು. ಆದರೆ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು, ಉಸಿರಾಟವೂ ಕೇಳಿಸುತ್ತಿರಲಿಲ್ಲ. ವೇದಿಕೆಯ ಮೇಲೆ, ಪತ್ರದಲ್ಲಿ ಸಾವಿನ ಸಾಲಿನಿಂದಾಚೆ ಓದದಿದ್ದ ರಸಾಯನಶಾಸ್ತ್ರದ ಮೇಷ್ಟ್ರು ಗಡಿಯಾರ ನೋಡುತ್ತಿದ್ದರು. ಮೂರಕ್ಕೆ ಸರಿಯಾಗಿ ಬರುವ ನಿರ್ದೇಶಕರು ಬಾರದೆ ಹೋದದ್ದೇ ಮೇಷ್ಟ್ರು ತಿಳಿಸಿದ ಸುದ್ದಿಗೆ ಸಾಕ್ಷಿಯಾಗಿತ್ತು. ಎಲ್ಲ ಗೊತ್ತಿದ್ದ ಗ್ರಂಥಪಾಲಕಿಯೂ ನಿಂತಿದ್ದರು. ಅಣ್ಣ ನೋಡಿದಾಗ, ಎಲ್ಲರೂ ನಿಂತಿರುವಾಗ ತಾನೊಬ್ಬಳೇ ಕೂತರೆ ಚೆನ್ನಾಗಿರುತ್ತದೆಯೇ ಎಂಬಂತೆ ಕೈಸನ್ನೆ ಮಾಡಿದರು.

ಒಳಗೆ ನುಗ್ಗಿದ ನಿರ್ದೇಶಕರನ್ನು ಬಾಗಿಲ ಬಳಿಯ ಹೊಸ ವಿದ್ಯಾರ್ಥಿನಿಯೊಬ್ಬಳು ತಡೆದಳು. "ಸರ್, ಸದ್ದು ಮಾಡ್ಬೇಡಿ. ನಿರ್ದೇಶಕರು ತೀರಿಕೊಂಡಿದ್ದಾರೆ."

"ಯಾವ ನಿರ್ದೇಶಕರು?"

"ನಮ್ಮವರೇ. ತುಂಬಾ ಒಳ್ಳೆಯವರಂತೆ."

ಇಂಥ ಸಭೆಗಳಲ್ಲಿ ನಿಂತು ನಿಂತು ಅಭ್ಯಾಸವಾಗಿದ್ದ ನಿರ್ದೇಶಕರು ತಟ್ಟನೆ ತಲೆ ತಗ್ಗಿಸಿ ನಿಂತುಬಿಟ್ಟರು. ಅವರ ಪಕ್ಕದಲ್ಲಿ ಅಣ್ಣನೂ ನಿಂತ. ಅವನ ಮೌನ ಮಾತ್ರ ಸಮುದ್ರದ ನೆನಪಿಗೆ ಮೀಸಲಾಗಿತ್ತು.

ನಿಮಿಷ ಮುಗಿಯಿತು. ಮೇಷ್ಟ್ರು ಕಣ್ಣೊರೆಸಿಕೊಂಡು ಓದತೊಡಗಿದರು. ನಿರ್ದೇಶಕರ ದೊಡ್ಡ ಮನಸ್ಸು, ನಗು, ಯಾರನ್ನೂ ನೋಯಿಸದ ಮಾತು, ಒಂದೊಂದಕ್ಕೂ ಒಂದೊಂದು ಚರಣ. ಮೂರನೆಯದರ ನಡುವೆ ತಲೆಯೆತ್ತಿದವರು ಬಾಗಿಲಲ್ಲಿ ನಿರ್ದೇಶಕರನ್ನು ಕಂಡು ಹಾಗೇ ನಿಂತರು. ಆರುನೂರು ಮುಖ ಹಿಂದಕ್ಕೆ ತಿರುಗಿದವು. ಯಾರೋ ಕುರ್ಚಿಯ ಕೆಳಗೆ ಹೋದರು.

ನಿರ್ದೇಶಕರು ವೇದಿಕೆ ಹತ್ತಿ ಮೇಷ್ಟ್ರ ಕೈಯಿಂದ ಪತ್ರ ತೆಗೆದುಕೊಂಡರು. ತಾವು ಸಹಿ ಹಾಕಿದ ಕಾಗದವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಅವರ ಜನ್ಮದಲ್ಲಿ ಅದೇ ಮೊದಲು. ಅಣ್ಣ ಕಣ್ಣು ಮುಚ್ಚಿಕೊಂಡ.

"ಸಹಿ ನನ್ನದೇ," ಎಂದರು ನಿರ್ದೇಶಕರು ಕೊನೆಗೆ. ಬೈಯಲು ಹೊರಟರೆ ತಮ್ಮಿಂದಲೇ ಶುರುಮಾಡಬೇಕೆಂದು ಅವರಿಗೆ ಅರ್ಥವಾಗಿತ್ತು. ಆಮೇಲೆ ಮುಖ ಮೆಲ್ಲಗೆ ಅರಳಿತು. "ನಿಮಗೆಲ್ಲ ನನ್ನ ಮೇಲೆ ಇಷ್ಟು ಪ್ರೀತಿ ಇದೆ ಅಂತ ಗೊತ್ತಿರಲಿಲ್ಲ. ಮೇಷ್ಟ್ರೇ, ಉಳಿದ ಚರಣಾನೂ ಓದಿ."

ಸಭಾಂಗಣ ನಗುವಿನಿಂದ ಬಿರಿಯಿತು. ಅಂಥ ಸ್ವಾಗತ ಸಭೆ ಆ ವಿಭಾಗ ಕಂಡೇ ಇರಲಿಲ್ಲ. ಭಾಷಣ ಕೂಡ ರದ್ದಾಯಿತು.

ಅಣ್ಣ ಇದೇ ಸಮಯವೆಂದು ಅರ್ಜಿ ಚಾಚಿದ. ನಿರ್ದೇಶಕರು ಅವನ ಬೆನ್ನ ಮೇಲೇ ಕಾಗದವಿಟ್ಟು ಸಹಿ ಜಡಿದರು. "ಹೋಗಿಬನ್ನಿ. ಮನುಷ್ಯ ಯಾವಾಗ ಇರ್ತಾನೋ ಯಾವಾಗ ಇಲ್ವೋ. ನಾನೂ ಈಗಲೇ ಹೊರಟೆ. ಫೋನು ಮನೇಲೇ ಬಿಟ್ಟು, ಮೂರು ದಿನ ಸಮುದ್ರ ನೋಡ್ತಾ ಕೂತ್ಕೋತೀನಿ."

ಅವರ ಕಾರು ಗೇಟು ದಾಟುವಾಗ ಅಣ್ಣ ಎರಡೆರಡು ಮೆಟ್ಟಿಲು ಹಾರುತ್ತ ರಜೆ ವಿಭಾಗಕ್ಕೆ ಓಡುತ್ತಿದ್ದ. ಅಲ್ಲಿನ ಅಕ್ಕ ಕನ್ನಡಕ ಏರಿಸಿಕೊಂಡು ಅರ್ಜಿಯನ್ನು ನಿಧಾನವಾಗಿ ಓದಿದಳು. ಆ ಕಟ್ಟಡದಲ್ಲಿ ಕಾಗದ ಓದುವವಳು ಅವಳೊಬ್ಬಳೇ.

"ಸಹಿ ಸರಿಯಾಗಿದೆ ಅಣ್ಣಾ. ಆದ್ರೆ ನೀವು ಕೇಳಿರೋ ಈ ಮೂರು ದಿನ ಕಳೆದು ಆಗ್ಲೇ ಒಂದು ವರ್ಷ ಆಯ್ತು."

ಅಣ್ಣ ಕಾಗದ ನೋಡಿದ. ಮುದ್ದಾದ ಅಕ್ಷರದಲ್ಲಿ, ತಿದ್ದದೆ ಉಳಿದಿದ್ದ ಹಳೆಯ ತಾರೀಖು.

"ಬೇರೆ ಬರ್ಕೊಡ್ತೀನಕ್ಕ."

"ಬರ್ಕೊಡಿ. ಸಹಿ ಯಾರು ಹಾಕ್ತಾರೆ?"

ಅಷ್ಟರಲ್ಲಿ ಜೇಬಿನ ಫೋನು ಹಾಡಿತು. ರೈಲು ನಿಲ್ದಾಣದ ಗದ್ದಲದ ನಡುವಿನಿಂದ ಹೆಂಡತಿಯ ದನಿ. "ರೀ, ನಾನಾಗ್ಲೇ ಬಂದು ಕೂತಿದ್ದೀನಿ. ರಜೆ ಏನಾಯ್ತು?"

ಅಣ್ಣ ಬೇರೆ ಮಾತು ಹುಡುಕಿದ. ಸಿಗಲಿಲ್ಲ.

"ಹೋದ ವರ್ಷದ ಹಾಗೇ," ಎಂದ.